ನೋಡದೆ ಹಾಕಿದ ಸಹಿ

ಅಪ್ಪಾ,

ನೀನು ತೀರಿಕೊಂಡು ಎರಡು ವರ್ಷವಾಯಿತು. ನೀನು ಓದುವುದಿಲ್ಲ ಎಂಬ ಧೈರ್ಯದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಮೊನ್ನೆ ನಮ್ಮ ಅಣುಸ್ಥಾವರದಿಂದ ವಿಕಿರಣ ಬೆರೆತ ನೀರು ಸಮುದ್ರ ಸೇರಿತು. ತೊಟ್ಟಿಯ ವಾಲ್ವ್ ತೆರೆದೇ ಇತ್ತು. ಅದನ್ನು ಮುಚ್ಚಿದ್ದೇನೆಂದು ಮೊದಲ ಸಹಿ ಹಾಕಿದವರು ನಿನ್ನ ಗೆಳೆಯ, ನಾನು ಚಿಕ್ಕಂದಿನಿಂದ ಮಾವ ಎನ್ನುವವರು. ಎರಡನೆಯವನು ಹೋಗಿ, ಕೈಯಿಟ್ಟು ತಿರುಗಿಸಿ ನೋಡಿಯೇ ಸಹಿ ಹಾಕಬೇಕು. ನೀನು ಇಲ್ಲಿ ಕೆಲಸದಲ್ಲಿದ್ದಾಗ ಮಳೆಯಲ್ಲೂ ಹೋಗುತ್ತಿದ್ದೆ. ಆ ಎರಡನೆಯವನು ನಾನು; ಮಾವನ ಸಹಿ ಇದೆಯಲ್ಲ ಎಂದು ಕುರ್ಚಿಯಿಂದ ಏಳದೆಯೇ ಸಹಿ ಹಾಕಿದೆ.

ಇವತ್ತು ವಿಚಾರಣೆಯಲ್ಲಿ ಸಾಹೇಬರು ಕೇಳಿದಾಗ, "ಹೋಗಿ ನೋಡಿದ್ದೆ ಸಾರ್, ಮುಚ್ಚಿತ್ತು" ಅಂದುಬಿಟ್ಟೆ.

ಹೊರಗೆ ಬೆಂಚಿನ ಮೇಲೆ ಮಾವ ತಮ್ಮ ಕೈಗಳನ್ನೇ ನೋಡುತ್ತ ಕುಳಿತಿದ್ದರು.

"ನೀನು ಒಳಗೆ ಹೇಳಿದ್ದು ಕೇಳಿಸ್ತು. ನೀನು ನೋಡಿದಾಗ ಮುಚ್ಚಿತ್ತು ಅಂದ್ರೆ, ಆಮೇಲೆ ನಾನೇ ಹೋಗಿ ತೆಗೆದಿರ್ಬೇಕು ಕಣೋ. ಒಂಚೂರೂ ನೆನಪಿಲ್ಲ. ನಾಳೆ ಪ್ಯಾಂಟ್ ಹಾಕೋದೂ ಮರೀತೀನಿ ಬಿಡು."

"ಮಾವ, ನಾನು..."

"ನೀನೇನ್ ಮಾಡ್ತೀಯೋ? ನಿಮ್ಮಪ್ಪನ ಮಗ ನೋಡದೆ ಸಹಿ ಹಾಕ್ತಾನಾ?"

ಅವರು ನಗಲು ನೋಡಿದರು, ಆಗಲಿಲ್ಲ. ನಿಜ ಹೇಳಲು ಅಷ್ಟು ಹೊತ್ತು ಸಾಕಿತ್ತು, ಅಪ್ಪಾ.

"ವಯಸ್ಸಾಯ್ತಲ್ಲ ಮಾವ, ಮರೆವು ಇದ್ದದ್ದೇ" ಅಂದೆ.