ಬಾಲ್ಕನಿ ಹಲಗೆಗೆ ಕಟ್ಟಿದ ತಂತಿ

೧೮ ಮೇ ೨೦೧೩, ಶನಿವಾರ, ಯೋಕೋಹಾಮಾ

ತಂಗಿಯ ಮಗ ಮಧುಕರನ ಮೋರೆ ನೋಡುವುದಕ್ಕೂ ಮನಸ್ಸಿಲ್ಲ. ಎಂಜಿನಿಯರಂತೆ! ಈ ಕಾಂಕ್ರೀಟು ಗೋಡೆಗಳೊಳಗೆ ನನ್ನ ಕೈ ಸ್ಕ್ಯಾನರ್ ರೇಡಿಯೋಗೆ ವಿಮಾನದವರ ಮಾತು ಸಿಗುವುದೇ ಇಲ್ಲವೆಂದು ತಿಂಗಳಿಂದ ನಗುತ್ತಿದ್ದ. ಏಳನೇ ಕ್ಲಾಸು ಓದಿದ ನಾನು ಬಾಲ್ಕನಿಯಲ್ಲಿ ಸ್ಟೂಲು, ಡಬ್ಬ ಪೇರಿಸಿ ಹತ್ತಿ, ಪಕ್ಕದ ಮನೆಗೂ ನಮಗೂ ನಡುವಿನ ತೆಳು ಹಲಗೆಗೆ ಎರಡಡಿ ತಂತಿಯನ್ನು ಆಂಟೆನಾ ಮಾಡಿ ನೆಟ್ಟಗೆ ಕಟ್ಟಿದೆ. ಪೈಲಟ್ಟುಗಳು ಕಿವಿಯಲ್ಲೇ ಕೂತು ಮಾತಾಡಿದರು!

ಶಹಬಾಸ್ ಅನ್ನುವುದು ಬಿಟ್ಟು ಕೂಗಾಡಿದ: "ಮಾವ, ಭೂಕಂಪ ಆದ್ರೆ ಆ ಬೋರ್ಡ್ ಒಡ್ಕೊಂಡೇ ಎಲ್ರೂ ಎಸ್ಕೇಪ್ ಆಗೋದು! ಅದರ ಮುಂದೆ ಸ್ಟೂಲ್ ಇಟ್ಟಿದ್ದೀರಲ್ಲ!"

"ಒಂದು ಸ್ಟೂಲಿಗೆ ಇಷ್ಟು ನಡುಗ್ತೀಯಲ್ಲೋ, ಗಂಡಸೇನೋ ನೀನು?" ಅಂದೆ.

ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಮೊರಿತಾ ಸಾನ್ ಬಂದಳು. ಬೈದಿದ್ದರೆ ಎರಡರಷ್ಟು ಬೈಯುತ್ತಿದ್ದೆ. ಆಕೆ ಸೊಂಟ ಬಗ್ಗಿಸಿ ನನಗೇ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದಳು. ಎರಡು ವರ್ಷದ ಹಿಂದೆ ಆ ದೊಡ್ಡ ಭೂಕಂಪವಾದಾಗಿನಿಂದ ಬೂಟು, ಟಾರ್ಚು ತಲೆದೆಸೆಗೇ ಇಟ್ಟುಕೊಂಡು ಮಲಗುತ್ತಾಳಂತೆ.

ಹಾಳಾದವಳು, ಜಗಳಕ್ಕೆ ಜಾಗವನ್ನೇ ಬಿಡಲಿಲ್ಲ. ತಂತಿ, ಸ್ಟೂಲು ಎಲ್ಲ ನಾನೇ ತೆಗೆದೆ. ಈಗ ಸ್ಕ್ಯಾನರಿನಲ್ಲಿ ಬರೀ ಗೊರಗೊರ. ತನ್ನ ಕೂಗಾಟಕ್ಕೆ ಹೆದರಿದೆನೆಂದು ಮಧುಕರ ಮೀಸೆ ತಿರುವುತ್ತಿದ್ದಾನೆ. ಅದಕ್ಕಲ್ಲ ಕಣೋ ಎಂದು ಹೇಳಿಬಿಡಬೇಕು, ಆದರೆ ಅವನ ಜೊತೆ ಮಾತು ಬಿಟ್ಟಿದ್ದೇನಲ್ಲ...