ನಿನಗೆ ನೆನಪಿಲ್ಲದ ಫೈನಲ್

ಇತ್ತಲಾರ್
18 ಫೆಬ್ರವರಿ 2025

ಪ್ರೀತಿಯ ಸರಣ್ಯಾ,

ತಲೆನೋವು ಕಡಿಮೆಯಾಗಿದೆ, ಆದರೆ ಫೋನ್ ಮುಟ್ಟಬಾರದು ಅಂತ ಡಾಕ್ಟರು ಹೇಳಿದ್ದಾರೆ ಎಂದು ನಿಮ್ಮಮ್ಮ ಪಂಕಜಂ ಅತ್ತೆಯಿಂದ ತಿಳಿಯಿತು. ಅದಕ್ಕೇ ಈ ಕಾಗದ. ಫೋನ್ ಕೈಯಲ್ಲಿದ್ದರೂ ನೀನು ನನ್ನ ಕರೆ ಎತ್ತುತ್ತಿರಲಿಲ್ಲ, ಗೊತ್ತು. ಕಳೆದ ಭಾನುವಾರ ಕೂಕಲ್ತೊರೈಗೆ, ನಿಮ್ಮ ಮನೆಗೆ ಬಂದಿದ್ದೆ. ಅತ್ತೆ ಬಾಗಿಲಲ್ಲೇ ನಿಂತು, “ಈಗ ಬೇಡ ಮಗಳೆ, ನಿನ್ನ ನೋಡಲ್ಲ ಅಂತಾಳೆ” ಅಂದರು. ಒಳಗೆ ನೀನು ಕೆಮ್ಮಿದ್ದು ಕೇಳಿಸಿತು. ಹಾಗೇ ವಾಪಸ್ ಬಸ್ಸು ಹತ್ತಿದೆ.

ಆ ದಿನದ್ದು ನಿನಗೆ ಏನೂ ನೆನಪಿಲ್ಲವಂತೆ. ನೋಡಲು ಬಂದ ಟೀಮಿನ ಹುಡುಗಿಯರು ಹೇಳಿದ್ದಷ್ಟೇ ಗೊತ್ತಂತೆ: ರಂಜಿತಾ ಹೊಟ್ಟೆಕಿಚ್ಚಿಗೆ ನಿನ್ನನ್ನು ಹೊರಗೆ ಕಳಿಸಿದಳು, ಆಮೇಲೆ ತಾನೂ ಮೈದಾನ ಬಿಟ್ಟು ಹೋದಳು, ಕಪ್ ಕೈತಪ್ಪಿತು. ಹೊರಗೆ ಕಳಿಸಿದ್ದು ನಿಜ, ಬಿಟ್ಟು ಹೋದದ್ದೂ ನಿಜ. ಯಾಕೆ ಅನ್ನುವುದನ್ನು ಮಾತ್ರ ನನ್ನಿಂದಲೇ ಕೇಳು.

ಮೊದಲ ಮ್ಯಾಚಿನಲ್ಲಿ ಏಳು ಗೋಲು ತಿಂದು, ಬಸ್ಸಿನಲ್ಲಿ ಯಾರೂ ಮಾತಾಡದೆ ಬಂದದ್ದು ನೆನಪಿರಬೇಕು. ನಮ್ಮಂಥ ಸಣ್ಣ ಕಾಲೇಜಿಗೆ ಫುಟ್‌ಬಾಲ್ ಯಾಕೆ ಅಂತ ಎಲ್ಲರೂ ನಕ್ಕರು. ಒಂದು ಕಡೆಗೆ ಇಳಿಜಾರಾದ ನಮ್ಮ ಕಾಲೇಜು ಮೈದಾನದಲ್ಲಿ, ಮಂಜಿನಲ್ಲಿ ಚೆಂಡು ಕಾಣದೆ, ಹೆಸರು ಕೂಗಿಕೊಂಡೇ ಪಾಸ್ ಮಾಡಲು ಕಲಿತೆವು. ದೀಪಾವಳಿಯ ಹೊತ್ತಿಗೆ ಗೆಲ್ಲತೊಡಗಿದೆವು. ಆದರೆ ಒಬ್ಬಳಿಗೆ ಮದುವೆಯಾಯಿತು, ಇನ್ನೊಬ್ಬಳ ಮೊಣಕಾಲು ಕೆಟ್ಟಿತು. ಗೂಡಲೂರಿನ ಫೈನಲ್‌ಗೆ ಹೋಗುವಾಗ ನಾವು ಬರೀ ಹನ್ನೊಂದು ಜನ. ಬದಲಿಗೆ ಇಳಿಸಲು ಯಾರೂ ಇರಲಿಲ್ಲ. ಗೆಲ್ಲದಿದ್ದರೆ ಮುಂದಿನ ವರ್ಷ ಟೀಮೇ ಇರುವುದಿಲ್ಲ ಎಂದು ಕಾಲೇಜಿನವರು ಕೋಚ್ ಬಾಲಸುಬ್ರಮಣಿಯನ್ ಸರ್‌ಗೆ ಖಡಾಖಂಡಿತವಾಗಿ ಹೇಳಿದ್ದರು.

ಗೋಲು ಹೊಡೆದದ್ದು ನೀನು. ಅದನ್ನು ಯಾರಾದರೂ ಹೇಳಿದರೋ ಇಲ್ಲವೋ. ನಾನು ಕಾರ್ನರಿನಿಂದ ಎತ್ತಿ ಹೊಡೆದೆ, ನೀನು ಎದುರು ಟೀಮಿನ ಆ ಕೊಯಮತ್ತೂರಿನ ಉದ್ದನೆಯ ಹುಡುಗಿಯರ ನಡುವಿನಿಂದ ನೆಗೆದು ತಲೆ ಕೊಟ್ಟೆ. ಎಲ್ಲರೂ ನಿನ್ನ ಮೇಲೆ ಬಿದ್ದು ಕುಣಿಯುವಾಗ ನನಗೆ ಒಂದು ಕ್ಷಣ ಚುರುಕ್ ಅಂದದ್ದು ಸುಳ್ಳಲ್ಲ. ಕ್ಯಾಪ್ಟನ್ ಅನ್ನಿಸಿಕೊಂಡವಳು ನಾನು, ಸೀಸನ್ ಪೂರ್ತಿ ಒಂದು ಗೋಲೂ ಹೊಡೆದಿರಲಿಲ್ಲ. ಅಷ್ಟು ಹೊಟ್ಟೆಕಿಚ್ಚು ಇತ್ತು. ಅದಕ್ಕಿಂತ ಹೆಚ್ಚಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮತ್ತೊಂದು ಎತ್ತರದ ಚೆಂಡಿಗೆ ನೀನೂ ಅವರಲ್ಲೊಬ್ಬಳೂ ಒಟ್ಟಿಗೆ ನೆಗೆದಿರಿ. ತಲೆಗೆ ತಲೆ ಬಡಿದ ಸದ್ದು ನನಗೆ ಮೈದಾನದ ಈಚೆಗೂ ಕೇಳಿಸಿತು. ನೀನು ಎದ್ದು ನಕ್ಕೆ. ಎಲ್ಲರಿಗೂ ಸಮಾಧಾನವಾಯಿತು. ಹಾಫ್‌ಟೈಮಿನಲ್ಲಿ ನೀನು ನನ್ನ ಪಕ್ಕ ಕೂತು, ಇವತ್ತು ಯಾರ ಮೇಲೆ ಮ್ಯಾಚು ಅಂತ ಕೇಳಿದೆ. ನಾನು ಹೇಳಿದೆ. ನೀನು ನೀರು ಕುಡಿದು ಮತ್ತೆ ಅದನ್ನೇ ಕೇಳಿದೆ.

ಸರ್‌ಗೆ ಹೇಳಿದರೆ, ಬಿಸಿಲಿಗೆ ಹಾಗಾಗುತ್ತದೆ, ಮುಖಕ್ಕೆ ನೀರು ಹಾಕು ಅಂದರು. ನಾನು ಬಿಡಲಿಲ್ಲ. ಆಗ ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದು, “ಹತ್ತು ಜನ ಆಡಿದ್ರೆ ಮುಗೀತು. ಟೀಮ್ ಬೇಕಾ ಬೇಡ್ವಾ, ಯೋಚನೆ ಮಾಡು” ಅಂದರು. ಯೋಚನೆ ಮಾಡಿದೆ. ನೀನು ಬೂಟಿನ ಲೇಸು ಕಟ್ಟಲು ಹೋಗಿ, ಕಟ್ಟುವುದು ಹೇಗೆಂದು ತಿಳಿಯದೆ ಅದನ್ನೇ ನೋಡುತ್ತಾ ಕೂತಿದ್ದೆ. ನಾನು ನೇರ ರೆಫ್ರಿ ರಾಜಾಮಣಿ ಮೇಡಂ ಹತ್ತಿರ ಹೋದೆ.

ಅವರು ಬಂದು, ಇದು ಯಾವ ಊರಿನ ಗ್ರೌಂಡು ಅಂತ ನಿನ್ನನ್ನು ಕೇಳಿದರು. ನೀನು ನಿಮ್ಮ ಹಟ್ಟಿಯ ಶಾಲೆಯ ಹೆಸರು ಹೇಳಿದೆ. ಮೇಡಂ ಮತ್ತೇನೂ ಕೇಳಲಿಲ್ಲ, ಹೊರಗೆ ಕೂರಬೇಕು ಅಂದರು. ಆಗ ನೀನು ಎಲ್ಲರ ಎದುರು ನನ್ನ ಜೆರ್ಸಿ ಹಿಡಿದು, “ನಾ ಗೋಲು ಹೊಡ್ದೆ ಅಂತ ತಾನೆ? ನಾ ಆಡ್ವೆ, ಬಿಡು” ಅಂದೆ. ಹುಡುಗಿಯರು ನಂಬಿದ್ದು ಆ ಮಾತನ್ನೇ.

ಹತ್ತು ಜನ ಆಡಿದೆವು. ನಾವೇ ಮುಂದಿದ್ದೆವು. ನಾನು ಮತ್ತೆಮತ್ತೆ ಬೆಂಚಿನ ಕಡೆ ನೋಡುತ್ತಿದ್ದೆ. ಒಂದು ಸಲ ನೋಡುವಾಗ ನೀನು ಬಗ್ಗಿ ವಾಂತಿ ಮಾಡುತ್ತಿದ್ದೆ. ಇನ್ನೊಂದು ಸಲ ಬೆಂಚಿನಿಂದ ಕೆಳಗೆ ಬಿದ್ದಿದ್ದೆ. ಸರ್ ಚೆಂಡನ್ನೇ ನೋಡುತ್ತಿದ್ದರು. ತೋಳಿನ ಕ್ಯಾಪ್ಟನ್ ಪಟ್ಟಿ ಬಿಚ್ಚಿ ಹತ್ತಿರ ಇದ್ದವಳ ಕೈಗೆ ಕೊಟ್ಟು ನಿನ್ನ ಕಡೆ ಓಡಿದೆ. ಹಿಂದಿನಿಂದ ಯಾರೋ ನನ್ನ ಹೆಸರು ಹಿಡಿದು ಬೈದರು. ತಿರುಗಲಿಲ್ಲ.

ಗೂಡಲೂರಿನ ಆಸ್ಪತ್ರೆಯವರು ನೋಡಿದ ಕೂಡಲೇ ಊಟಿಗೆ ಒಯ್ಯಿರಿ ಅಂದು ಆಂಬುಲೆನ್ಸ್ ಹತ್ತಿಸಿದರು. ನಡುವಟ್ಟಂ ಘಾಟಿ ಏರುವಾಗ ಟೂರಿಸ್ಟ್ ವ್ಯಾನುಗಳ ಸಾಲು, ಮುಂದೆ ಹೋಗಲು ದಾರಿಯಿಲ್ಲ. ಮಲಗಲು ಬಿಡಬೇಡ, ಮಾತಾಡಿಸು ಅಂತ ಜೊತೆಗಿದ್ದ ನರ್ಸ್ ಹೇಳಿದರು. ಎಷ್ಟು ಮಾತಾಡಿದೆನೋ. ನೀನು ‘ಹೂಂ’ ಅನ್ನುತ್ತಿದ್ದೆ. ಪೈಕಾರದ ಹತ್ತಿರ ಅದೂ ನಿಂತಿತು. ಅಲ್ಲಿಂದ ಊಟಿಯವರೆಗೆ ನಿನ್ನ ಮೂಗಿನ ಹತ್ತಿರ ಬೆರಳು ಇಟ್ಟುಕೊಂಡೇ ಕೂತಿದ್ದೆ.

ತಲೆಯೊಳಗೆ ರಕ್ತ ಸೋರುತ್ತಿತ್ತಂತೆ. ಮತ್ತೊಂದು ಪೆಟ್ಟು ಬಿದ್ದಿದ್ದರೆ ಏನೂ ಮಾಡಲಾಗುತ್ತಿರಲಿಲ್ಲ ಎಂದು ಆಪರೇಷನ್ ಮಾಡಿದ ಡಾಕ್ಟರು ಹೇಳುವಾಗ ಅತ್ತೆ ನನ್ನ ಪಕ್ಕದಲ್ಲೇ ಇದ್ದರು. ಕೇಳು ಅವರನ್ನು.

ನಾವು ಮೂರು ಗೋಲು ತಿಂದು ಸೋತೆವು. ಟೀಮ್ ರದ್ದಾಗಿದೆ. ಕ್ಯಾಂಟೀನಿನಲ್ಲಿ ನಾನು ಕೂತ ಮೇಜಿಗೆ ನಮ್ಮವರು ಯಾರೂ ಬರುವುದಿಲ್ಲ. ಬೇಜಾರಿದೆ, ಪಶ್ಚಾತ್ತಾಪ ಇಲ್ಲ. ನೀನು ಜೀವಮಾನ ಪೂರ್ತಿ ಮಾತು ಬಿಟ್ಟರೂ, ಮಾತು ಬಿಡಲು ನೀನಿದ್ದೀಯಲ್ಲ, ನನಗೆ ಅಷ್ಟು ಸಾಕು.

ಔಷಧಿ ತಪ್ಪಿಸಬೇಡ.

ನಿನ್ನ
ರಂಜಿತಾ

ಮರೆತ ಮಾತು: ಯೂನಿವರ್ಸಿಟಿ ಟೀಮಿನ ಆಯ್ಕೆಗೆ ನನ್ನನ್ನು ಕರೆದಿದ್ದಾರೆ. ಹೋಗುವುದಿಲ್ಲ ಅಂದೆ. ಪರೀಕ್ಷೆ ಇದೆ ಅಂತ ಮನೆಯಲ್ಲಿ ಹೇಳಿದ್ದೇನೆ. ನಿಜ ಅದಲ್ಲ. ಚೆಂಡು ಮೇಲೆದ್ದರೆ ಸಾಕು, ಈಗ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ಸರಣ್ಯಾ.