ದುಂಡು ಮೂಲೆಯ ಸ್ಟ್ರಿಪ್

ವೆಸ್ಟ್ ಮಾಂಬಲಂ, ಚೆನ್ನೈ
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ಚಿ. ಪ್ರಣಮ್ಯಾಳಿಗೆ,

ನಿನ್ನ ಸುಗುಣತ್ತೆಯ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ನೀನು ಕೇಳಿ ತಿಂಗಳ ಮೇಲಾಯಿತು, ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಅಂಗಡಿಯಲ್ಲಿ ಗಿರಾಕಿಗಳು ಬಿಡುವುದಿಲ್ಲ, ಮನೆಯಲ್ಲಿ ನಿನ್ನ ಮಾವ ಪಕ್ಕದಲ್ಲೇ ಕೂತಿರುತ್ತಾರೆ. ಇವತ್ತು ಮಧ್ಯಾಹ್ನ ಅಂಗಡಿಗೆ ರಜೆ. ಅವರು ಮಲಗಿದ್ದಾರೆ, ನಾನು ಪೆನ್ನು ಹಿಡಿದಿದ್ದೇನೆ.

ಫಾರ್ಮಸಿಸ್ಟರ ದಿನಕ್ಕೆ ಮೈಸೂರಿನಲ್ಲಿ ಭಾಷಣ ಮಾಡಬೇಕು, ನಿಮ್ಮ ಯಶಸ್ಸಿನ ಗುಟ್ಟನ್ನು ಐದು ಪಾಯಿಂಟಿನಲ್ಲಿ ಬರೆದುಕೊಡಿ ಎಂದು ನೀನು ಕೇಳಿದ್ದೆ. ಮೆಡಿಕಲ್ ಶಾಪ್ ತೆರೆದು ವರ್ಷ ತುಂಬದವಳಿಗೆ ಭಾಷಣ, ವರ್ಷಗಟ್ಟಲೆ ಕೌಂಟರಿನ ಹಿಂದೆ ನಿಂತವಳಿಗೆ ಕಾಲೂತ! ವೃತ್ತಿಯಲ್ಲಿ ನನ್ನ ಬೆಳವಣಿಗೆ ಎಂದರೆ ಸದ್ಯಕ್ಕೆ ಕಣ್ಣಿಗೆ ಕಾಣುವುದು ಅದೊಂದೇ. ಇಲ್ಲಿನ ಔಷಧಿ ವ್ಯಾಪಾರಿಗಳ ಸಂಘದವರೂ ಸನ್ಮಾನ ಮಾಡುತ್ತೇವೆ ಬನ್ನಿ ಎಂದರು. ಶಾಲು ಹೊದಿಸಿಕೊಳ್ಳುವುದಕ್ಕೂ ಒಂದು ಗಂಟೆ ನಿಲ್ಲಬೇಕಲ್ಲ, ಬೇಡ ಎಂದೆ.

ವ್ಯಾಪಾರ ಮೊದಲಿನ ಹಾಗಿಲ್ಲ. ಬೀದಿಯ ತುದಿಯಲ್ಲಿ ಎ.ಸಿ. ಹಾಕಿದ ದೊಡ್ಡ ಔಷಧಿ ಅಂಗಡಿ ಬಂದಿದೆ, ಅದು ಸಾಲದೆಂದು ಮೊಬೈಲಿನಲ್ಲಿ ಒತ್ತಿದರೆ ಔಷಧಿ ಬಾಗಿಲಿಗೇ ಬರುತ್ತದೆ. ಆದರೆ ಆ ಚೀಲ ಹಿಡಿದುಕೊಂಡು ಜನ ನನ್ನ ಹತ್ತಿರವೇ ಬರುತ್ತಾರೆ. "ಅಮ್ಮಾ, ಇದು ಸಾಪ್ಪಾಟ್ಟುಕ್ಕು ಮುನ್ನಾಡಿಯಾ, ಪಿನ್ನಾಡಿಯಾ?" ಊಟಕ್ಕೆ ಮುಂಚೆಯೋ ಆಮೇಲೋ ಎಂದು ಹೇಳುವವರು ಆ ಚೀಲದೊಳಗೆ ಇರುವುದಿಲ್ಲ ನೋಡು. ಹೇಳಿ ಕಳಿಸುತ್ತೇನೆ. ಅಣ್ಣಾ ನಗರದಿಂದ ಬಂದಾಗಲೆಲ್ಲ ರವಿಕಿರಣ್ ಬೈಯುತ್ತಾನೆ, ಬೇರೆಯವರು ಮಾರಿದ್ದಕ್ಕೆ ನೀನ್ಯಾಕಮ್ಮ ಬಾಯಿ ನೋಯಿಸಿಕೊಳ್ತೀಯ ಅಂತ. ಮಗ ಬ್ಯಾಂಕಿನವನು, ಅವನ ಲೆಕ್ಕ ಅವನದು. ನನಗೆ ವಾದ ಮಾಡುವ ಶಕ್ತಿಯೂ ಉಳಿದಿಲ್ಲ.

ಕೇಳಿದ್ದೀಯೆಂದು ಬರೆಯುತ್ತೇನೆ, ಐದಿಲ್ಲ, ಎರಡೇ ಇವೆ. ಮೊದಲನೆಯದು ಕತ್ತರಿಯ ವಿಷಯ. ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ ಕೊಡುವಾಗ ಎಕ್ಸ್‌ಪೈರಿ ತಾರೀಖು ಇರುವ ಕಡೆಯನ್ನು ಕತ್ತರಿಸಬೇಡ ಎಂದು ನಿನಗೆ ಕಾಲೇಜಿನಲ್ಲೇ ಹೇಳಿರುತ್ತಾರೆ. ಮೂಲೆಗಳ ಬಗ್ಗೆ ಹೇಳಿರುವುದಿಲ್ಲ. ಹಿಂದೊಮ್ಮೆ ಹೂ ಮಾರುವ ಅಜ್ಜಿಯೊಬ್ಬರು ಸೊಂಟದ ಚೀಲಕ್ಕೆ ಕೈ ಹಾಕಿದಾಗ ನಾನು ಕತ್ತರಿಸಿ ಕೊಟ್ಟ ಸ್ಟ್ರಿಪ್ಪಿನ ಚೂಪು ಮೂಲೆ ಬೆರಳು ಸೀಳಿತು. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದವರು, ರಕ್ತ ನಿಲ್ಲಲೇ ಇಲ್ಲ. ಅಂದಿನಿಂದ ಕತ್ತರಿಸಿದ ಮೂಲೆಗಳನ್ನೆಲ್ಲ ದುಂಡಗೆ ಮಾಡಿಯೇ ಕೊಡುತ್ತೇನೆ. ಗಿರಾಕಿಗಳು ಸಾಲುಗಟ್ಟಿದ್ದರೂ ಸರಿಯೇ. ನಮ್ಮ ಬೀದಿಯಲ್ಲಿ ಯಾರ ಮನೆಯ ಮಾತ್ರೆ ಡಬ್ಬಿ ತೆಗೆದರೂ ಯಾವುದು ನನ್ನ ಅಂಗಡಿಯದು ಎಂದು ತಕ್ಷಣ ಗೊತ್ತಾಗುತ್ತದೆ.

ಎರಡನೆಯದು, ದೂರದಿಂದ ಬರುವವರ ವಿಷಯ. ತಮ್ಮ ಮನೆ ಪಕ್ಕದಲ್ಲೇ ದೊಡ್ಡ ಅಂಗಡಿಯಿದ್ದರೂ ಕೆಲವರು ರೈಲು ಹತ್ತಿ ನಮ್ಮ ಗಲ್ಲಿ ಹುಡುಕಿಕೊಂಡು ಬರುತ್ತಾರೆ. ಮನಸ್ಸಿನ ಕಾಯಿಲೆಯ ಮಾತ್ರೆ, ಯಾರಿಗೂ ಹೇಳದ ಕಾಯಿಲೆಯ ಮಾತ್ರೆ. ಅವರನ್ನು ಯಾವ ಏರಿಯಾ, ಇಷ್ಟು ದೂರ ಯಾಕೆ ಬಂದಿರಿ ಎಂದು ಕೇಳಲೇಬೇಡ. ಹೇಗೆ ತೆಗೆದುಕೊಳ್ಳಬೇಕೆಂದು ಹೇಳು, ಕಾಗದದಲ್ಲಿ ಸುತ್ತಿ ಕೊಡು, ಮುಖವನ್ನೇ ನೋಡುತ್ತ ನಿಲ್ಲಬೇಡ. ನಮ್ಮ ಕನ್ನಡದವರೇ ಒಬ್ಬಾಕೆ ಬರುತ್ತಾರೆ, ಹೆಸರು ಬರೆಯುವುದಿಲ್ಲ. ಒಂದು ದಿನ ತಾವಾಗಿಯೇ ಹೇಳಿದರು: "ಹತ್ತಿರದವ್ರಿಗೆ ಗೊತ್ತಾದ್ರೆ ನೋಡೋ ರೀತೀನೇ ಬದಲಾಗೋಗತ್ತೆ ಸುಗುಣಾ. ಕಾಯಿಲೆ ತಡ್ಕೋಬೋದು, ಅದನ್ನ ತಡ್ಕೊಳಕ್ಕಾಗಲ್ಲ." ನಾನು ಚಿಲ್ಲರೆ ಎಣಿಸಿ ಕೊಟ್ಟೆ. ಜನ ನನ್ನನ್ನು ನಂಬುತ್ತಾರೆ, ಅದೇ ನನ್ನ ಯಶಸ್ಸು ಎಂದು ಭಾಷಣದಲ್ಲಿ ಸೇರಿಸಬೇಕೆಂದಿದ್ದರೆ ಸೇರಿಸು. ನಾನು ಮೂರು ಸಲ ಬರೆದು ಹೊಡೆದುಹಾಕಿದ್ದೇನೆ.

ನಿನ್ನ ಮಾವನಿಗೆ ರೈಲ್ವೆಯಿಂದ ನಿವೃತ್ತಿಯಾದ ಮೇಲೆ ತಿರುಗಾಟ ಹೆಚ್ಚಾಗಿದೆ. ನಾಗರಾಜ ಅಂತ ಹಳೆಯ ಸಹೋದ್ಯೋಗಿಯಂತೆ, ಅವರನ್ನು ನೋಡಲು ಆಗಾಗ ಬಸ್ಸು ಹತ್ತಿ ಊರಿನ ಇನ್ನೊಂದು ತುದಿಯ ಮಾಧವರಂಗೆ ಹೋಗುತ್ತಾರೆ. ಬರುವಾಗ ನನಗೆ ಹಾಲಿನ ಸಿಹಿ, ಪಾಲ್‌ಕೋವಾ ತರುತ್ತಾರೆ. ಹೋದ ವಾರ ಅದನ್ನು ಬಟ್ಟೆಯ ಬೀರುವಿನಲ್ಲಿಟ್ಟು ಬಂದಿದ್ದರು, ಇರುವೆ ಮುತ್ತಿದ ಮೇಲೆ ಗೊತ್ತಾಯಿತು. ನಾನು ಚೆನ್ನಾಗಿ ಗೇಲಿ ಮಾಡಿದೆ. ಅವರೂ ನಕ್ಕರು.

ನಿನ್ನ ಅಪ್ಪನಿಗೆ ಉಪ್ಪು ಕಡಿಮೆ ಮಾಡಲು ಹೇಳು, ತಂಗಿ ಹೇಳಿದರೆ ಕೇಳುವ ಅಣ್ಣ ಅವನಲ್ಲ. ನೀನು ತಿಂಡಿ ತಿಂದೇ ಅಂಗಡಿ ತೆಗೆ. ಕೌಂಟರಿನ ಹಿಂದೆ ಎತ್ತರದ ಸ್ಟೂಲೊಂದನ್ನು ಈಗಲೇ ಹಾಕಿಸಿಕೊ. ನಿನ್ನ ಕೈಯಿಂದ ಹೋದ ಔಷಧಿ ತಿಂದವರೆಲ್ಲ ಚೆನ್ನಾಗಿರಲಿ, ನಿನ್ನ ಕಾಲುಗಳೂ ಚೆನ್ನಾಗಿರಲಿ.

ಇಂತಿ ನಿನ್ನ ಪ್ರೀತಿಯ
ಸುಗುಣತ್ತೆ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲಾಗಲಿಲ್ಲ. ಇದು ಭಾಷಣಕ್ಕಲ್ಲ, ನಿನ್ನಲ್ಲೇ ಇರಲಿ. ಬುಧವಾರ ಒಗೆಯಲು ಹಾಕುವಾಗ ನಿನ್ನ ಮಾವನ ಅಂಗಿಯ ಜೇಬಿನಲ್ಲಿ ಕತ್ತರಿಸಿದ ಸ್ಟ್ರಿಪ್ ಸಿಕ್ಕಿತು, ಜೊತೆಗೆ ಮಾಧವರಂ ಅಂಗಡಿಯೊಂದರ ಕವರು. ನೆನಪು ಮಾಸತೊಡಗಿದವರಿಗೆ ಕೊಡುವ ಮಾತ್ರೆ ಅದು. ಮೂಲೆಗಳು ಚೂಪಾಗಿಯೇ ಇದ್ದವು. ಊರಿನವರೆಲ್ಲ ನನ್ನ ಬಳಿ ಬರುತ್ತಾರೆ, ದಿನಾ ನನ್ನ ಕೈಯಿಂದ ಕಾಫಿ ಕುಡಿಯುವವರು ಅಷ್ಟು ದೂರ ಹೋದರಲ್ಲ ಎಂದು ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಅವರನ್ನು ಕೇಳಲು ಹೋಗಲಿಲ್ಲ. ಕತ್ತರಿ ತಂದು ಮೂಲೆಗಳನ್ನು ದುಂಡಗೆ ಮಾಡಿ, ಅವರು ಮರುದಿನ ಹಾಕುವ ಅಂಗಿಯ ಜೇಬಿನಲ್ಲಿಟ್ಟೆ.

ಮರುದಿನ ಸಂಜೆ ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಸ್ಟ್ರಿಪ್ ಇತ್ತು.

"ಸುಗುಣಾ, ಇದು ಊಟಕ್ಕೆ ಮುಂಚೇನೋ, ಆಮೇಲೋ?"

ಮಲಗುವ ಮುಂಚೆ ಎಂದು ಒಲೆಯ ಕಡೆ ನೋಡಿಕೊಂಡೇ ಹೇಳಿದೆ. ಮೂಲೆಗಳನ್ನು ನೋಡಿ ಕೇಳಿದರೋ, ಆ ಅಂಗಡಿಯಲ್ಲಿ ಹೇಳಿದ್ದನ್ನು ಮರೆತು ಕೇಳಿದರೋ, ನನಗೆ ಇನ್ನೂ ಗೊತ್ತಾಗಿಲ್ಲ.